ಉಳಿದ ಅರ್ಧ

ಹದಿಮೂರು ದಿನ ನಾವು ಮಾತಾಡಲಿಲ್ಲ.
ಮುದ್ದೆ ತಟ್ಟೆಗೆ ಬೀಳುತ್ತಿತ್ತು, ತಟ್ಟೆ ಬರಿದಾಗುತ್ತಿತ್ತು,
ಸಾರಿಗೆ ಉಪ್ಪು ಹೆಚ್ಚೋ ಕಮ್ಮಿಯೋ
ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.
ಗುತ್ತಲಿನ ಆ ಎರಡು ಕೋಣೆಯ ಮನೆಯಲ್ಲಿ
ಮಾತಾಡಿದ್ದು ಫ್ಯಾನು,
ಪಕ್ಕದವರ ಕುಕ್ಕರು,
ಪಾಳಿ ಬದಲಾದಾಗ ಸಕ್ಕರೆ ಫ್ಯಾಕ್ಟರಿಯ ಸೈರನ್ನು.

ಆದರೆ ರಾತ್ರಿ ಎಂಟೂವರೆಗೆ
ಬೆನೀಟಾ ಮಲಗಿದ ಮೇಲೆ
ಅಂಗಿಯಲ್ಲಿನ್ನೂ ಕಾಕಂಬಿಯ ವಾಸನೆ ಹೊತ್ತ ಇನ್ನಾಸಿ
ಮೊಳೆಯಿಂದ ಜಪಸರ ತೆಗೆಯುತ್ತಿದ್ದ.
ಮದುವೆಯಾದ ವಾರ ಶುರುವಾದದ್ದು, ಒಂಬತ್ತು ವರ್ಷ,
ಕೋಪ ಬಂತೆಂದು ಬಿಡುವುದು ಹೇಗೆ?
ಮೊದಲು ಬಿಟ್ಟವರು ಸೋತಂತೆ.
ಇಷ್ಟೇ ಆಗ ನಮ್ಮ ಭಕ್ತಿ. ಸುಳ್ಳು ಯಾಕೆ ಹೇಳಲಿ?

ಪ್ರಾರ್ಥನೆಯ ಮೊದಲರ್ಧ ಅವನದು,
ಉಳಿದರ್ಧ ನನ್ನದು.
ತಾಯಿಯನ್ನು ಕೊಂಡಾಡುವುದು ಅವನ ಪಾಲು,
ಬೇಡುವುದು ನನ್ನ ಪಾಲು.
ದಿನಕ್ಕೆ ಐವತ್ಮೂರು ಸಲ
ಅವನು ಅರ್ಧಕ್ಕೆ ಬಿಟ್ಟದ್ದನ್ನು ನಾನು ಮುಗಿಸಿದೆ,
ಮುಖ ಮಾತ್ರ ನೋಡದೆ.

ಕಾರಣ ಕೇಳುತ್ತೀರಾ? ದುಡ್ಡು.
ಚೀಟಿ ಎತ್ತಿದ ನಲವತ್ತು ಸಾವಿರ
ಅಣ್ಣ ಚೌರಪ್ಪನ ಕೈಗಿಟ್ಟು ಬಂದಿದ್ದ,
ನನ್ನನ್ನು ಒಂದು ಮಾತು ಕೇಳದೆ.
ಹೊಲಿಗೆ ಮಿಷನ್ನಿಗೆ ಬಗ್ಗಿ ಬಗ್ಗಿ ಕಟ್ಟಿದ ಚೀಟಿ.
ರವಿಕೆಗೆ ಇನ್ನೂರು, ಲೈನಿಂಗಾದರೆ ಮುನ್ನೂರು.
ಲೆಕ್ಕ ಹಾಕಿ, ಎಷ್ಟು ಬೆನ್ನುನೋವು ಅದು.

ಶನಿವಾರ ಪಾಪನಿವೇದನೆಗೆ ಹೋದೆ.
ಮಂಡಿಯೂರಿ ಅವನ ಪಾಪವನ್ನೆಲ್ಲ ಹೇಳಿದೆ,
ತಾರೀಖು ಸಮೇತ.
ಜಾಲರಿಯ ಆಚೆ ಮುದಿ ಸ್ವಾಮಿಗಳು ಕೆಮ್ಮಿದರು:
'ಅದನ್ನ ಅವನು ಬಂದಾಗ ಹೇಳ್ತಾನಮ್ಮ. ನಿಂದೇನಿದೆ?'

ನನ್ನದೂ ಇತ್ತು.
ರಾಗಿ ಡಬ್ಬದ ತಳದಲ್ಲೊಂದು ಹಾರ್ಲಿಕ್ಸ್ ಸೀಸೆ,
ಅದರೊಳಗೆ ಹನ್ನೊಂದು ಸಾವಿರ,
ಮೂರು ವರ್ಷದಿಂದ ಅವನಿಗೆ ತಿಳಿಯದಂತೆ.
ಕಷ್ಟಕ್ಕಿರಲಿ ಅಂತ ಇಟ್ಟದ್ದು.
ಯಾವ ಕಷ್ಟ ಎಂದರೆ,
ಅವನೇ.

'ನನ್ ಕಿವೀಲಿ ಹೇಳೋದು ಸುಲಭ,
ಮನೇಗೋಗಿ ಹೇಳು. ಪ್ರಾಯಶ್ಚಿತ್ತ ಅದೇ.'
ಬಂದೆ. ಹೇಳಲಿಲ್ಲ.
ಭಾನುವಾರ ಪೂಜೆಯಲ್ಲಿ ಎಲ್ಲರಿಗೂ ಕೈ ಮುಗಿದು ಸಮಾಧಾನ ಹಾರೈಸಿದೆ,
ಹಿಂದಿನ ಬೆಂಚಿನ ಗುರುತಿಲ್ಲದವಳಿಗೂ.
ಅವನಿಗೊಬ್ಬನಿಗೆ ಇಲ್ಲ.
ಸೋಮವಾರವೂ ಹೇಳಲಿಲ್ಲ.

ಮಂಗಳವಾರ, ದುಃಖದ ರಹಸ್ಯಗಳ ದಿನ.
ಅಜ್ಜಿ ಮದಲಮ್ಮ ಪಾಲಹಳ್ಳಿಯಿಂದ ತಂದ ಮರದ ಮಣಿಗಳು.
ಮೂರನೆಯ ಹತ್ತರಲ್ಲಿ ಒಂದು ಮಣಿ ಎಲ್ಲೋ ಬಿದ್ದುಹೋಗಿ
ಆ ಜಾಗದಲ್ಲಿ ಬರೀ ಗಂಟು;
ಗಂಟನ್ನೂ ಮಣಿಯೆಂದೇ ಎಣಿಸುತ್ತೇವೆ.
ಗಂಟು ಇನ್ನೂ ನಾಲ್ಕು ಮಣಿ ದೂರವಿರುವಾಗ
ಅವನು ತನ್ನರ್ಧ ಮುಗಿಸಿದ,
ನನ್ನ ಗಂಟಲು ಏಳಲಿಲ್ಲ.

ಕಾದ.
ಮತ್ತೆ ಅದೇ ಅರ್ಧ ಹೇಳಿದ, ಮೆಲ್ಲಗೆ,
ಹಟ ಹಿಡಿದ ಮಗುವಿಗೆ ತುತ್ತು ಹಿಡಿದವನಂತೆ.
ಕಾದ.
ಕೊನೆಗೆ ನನ್ನರ್ಧವನ್ನೂ ತಾನೇ ಹೇಳಿದ.
ಬೇಡುವ ಮಾತನ್ನು ಅವನ ಬಾಯಲ್ಲಿ
ನಾನು ಕೇಳಿದ್ದು ಅಂದೇ ಮೊದಲು.
ಬಾಯ್ಲರಿನ ಮುಂದೆ ಕೂಗಿ ಕೂಗಿ ಒರಟಾದ ದನಿ
ಬೇಡಲು ಬರದೆ ತಡವರಿಸಿತು.

ಎದ್ದು ಹೋಗಿ ಡಬ್ಬ ಮಗುಚಿದೆ.
ಮೊರದ ತುಂಬ ರಾಗಿ, ನಡುವೆ ಸೀಸೆ.
ಅಂಗಿಯ ಚುಂಗಿನಿಂದ ಧೂಳು ಒರೆಸಿ ನೋಡಿದ.
'ನನ್ನಿಂದ ಬಚ್ಚಿಟ್ಟಿದ್ದಾ?'
'ಹೂಂ.'
ಫ್ಯಾನು ತಿರುಗಿತು.
'ನಾ ಕೇಳ್ಬೇಕಿತ್ತು ಕಣೇ ನಿನ್ನ.'

ಚೌರಪ್ಪ ಈವರೆಗೆ ಕೊಟ್ಟದ್ದು ಎರಡು ಸಾವಿರ,
ಒಂದು ಗೊನೆ ಬಾಳೆಹಣ್ಣು.
ಜಗಳ ಈಗಲೂ ಆಡುತ್ತೇವೆ, ಬಾಯಿ ತುಂಬ.
ಸೀಸೆ ಮೊಳೆಯ ಕೆಳಗಿನ ಗೂಡಿನಲ್ಲಿದೆ, ಮುಚ್ಚಳವಿಲ್ಲದೆ.
ಕೆಲವು ರಾತ್ರಿ ಪಾಲು ಬದಲಾಯಿಸುತ್ತೇವೆ:
ನಾನು ಕೊಂಡಾಡುತ್ತೇನೆ, ಅವನು ಬೇಡುತ್ತಾನೆ.

ಆ ಮಂಗಳವಾರದ ಜಪ ಮಾತ್ರ ಅಲ್ಲೇ ನಿಂತಿದೆ,
ಇಪ್ಪತ್ತಾರು ಮಣಿ ಬಾಕಿ.
ಆ ಸಾಲವನ್ನು
ಮೇಲಿನವನು ಇನ್ನೂ ಕೇಳಿಲ್ಲ.