ಕಲಂ ಏಳು: ಸ್ಥಳೀಯ ಹೆಸರು

ಜೆಪ್ಪುವಿನಿಂದ ಮಾರ್ನಮಿಕಟ್ಟೆಯವರೆಗೆ, ರಸ್ತೆಯ ಎಡಬದಿ,
ಮರಗಣತಿ. ದಿನಕ್ಕೆ ಆರುನೂರು ರೂಪಾಯಿ, ಊಟ ನಮ್ಮದೇ.
ನನ್ನ ಕೈಯಲ್ಲಿ ಫಾರಂ, ಅಳತೆ ಟೇಪು, ಸಸ್ಯಶಾಸ್ತ್ರದ ಎಂಎಸ್ಸಿ.
ದೂಮಪ್ಪಣ್ಣನ ಕೈಯಲ್ಲಿ ಸುತ್ತಿಗೆ,
ಜೇಬಲ್ಲಿ ಆಣಿ, ಹೆಗಲ ಚೀಲದಲ್ಲಿ
ನಂಬ್ರ ಕೊರೆದ ಅಲ್ಯುಮಿನಿಯಂ ಬಿಲ್ಲೆಗಳ ಗಲಗಲ.

ಕಲಂ ಆರು ಲ್ಯಾಟಿನ್ ಹೆಸರು. ಅದು ಸಲೀಸು,
ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ನಾಲಿಗೆಯಲ್ಲೇ ಉಂಟು.
ಕಲಂ ಏಳು ಮಾತ್ರ ಅರ್ಧ ಬೆರಳಿನಗಲ.
ಈ ಊರಿಗೆ ಎಷ್ಟು ಬಾಯಿಯೆಂದು
ಫಾರಂ ಅಚ್ಚು ಹಾಕಿದವರಿಗೆ ಯಾರೂ ಹೇಳಿರಲಿಲ್ಲ.

ಸೆವ್ರಿನ್ ಬಾಯಿಯ ಗೇಟಿನ ಹೊರಗೆ
ಬೆರಳು ಬಿಡಿಸಿದ ಕೈಯಂಥ ದೊಡ್ಡ ಎಲೆ.
ದೀವಿಹಲಸು ಎಂದು ಬರೆಯಹೊರಟರೆ
"ಜೀಗುಜ್ಜೆ ಅಲ್ವಾ?" ದೂಮಪ್ಪಣ್ಣ.
ಎದುರು ಮನೆಯ ಮುಕ್ತಾ ಮಾಯಿ, ಬಟ್ಟೆ ಹಿಂಡುತ್ತಲೇ, "ಜೀವ್‌ಕಡ್ಗಿ.
ಎಂತ ಬರೆದರೂ ಪೋಡಿಯ ರುಚಿ ಒಂದೇ."
ಸೆವ್ರಿನ್ ಬಾಯಿ ನಮ್ಮನ್ನೆಲ್ಲ ಒಮ್ಮೆ ನೋಡಿ
"ಅದು ಲಾದ್ರುವಿನ ಮರ" ಎಂದು ಒಳಗೆ ಹೋದರು.
ಲಾದ್ರು ಯಾರು ಎಂಬುದಕ್ಕೆ ಕಲಂ ಇರಲಿಲ್ಲ.

ನಾನು ಮೇಲೆ ನೋಡುತ್ತಿದ್ದೆ, ಆತ ನೆಲ ನೋಡುತ್ತಿದ್ದ.
ಬಾವಲಿ ಜಗಿದು ಬಿಟ್ಟ ಗೋಲಿಯಂಥ ಬೀಜ: ಹೊನ್ನೆ.
ಸಿಮೆಂಟಿನ ಮೇಲೆ ಒರೆಸಿದರೂ ಹೋಗದ ನೇರಳೆ.
ಹೂ ನೋಡಿ ಹೇಳಲು ಯಾರಿಗೂ ಬರುತ್ತದೆ ಮೇಡಂ,
ಬಿದ್ದದ್ದು ನೋಡಿ ಹೇಳಬೇಕು.

ಬಿಲ್ಲೆಯ ಅಂಚು ತಾಗಿ ಬೆರಳು ಕೊಯ್ದಾಗ
ಚರಂಡಿ ಬದಿಯ ಕಮ್ಯುನಿಸ್ಟ್ ಗಿಡದ ಎಲೆ ಹಿಂಡಿದ.
ಉರಿಯಿತು. ರಕ್ತ ನಿಂತಿತು.
ಪೊದೆಗಳನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಮೇಲಿನ ಆದೇಶ.

ನಂದಿಗುಡ್ಡದ ತಿರುವು. ಸಾವಿರದ ನೂರ ನಲವತ್ತಾರು.
ಒಂದೇ ಗೆಣ್ಣಿನ ಸುತ್ತ ಏಳು ಎಲೆ, ಕೊಡೆ ಬಿಚ್ಚಿದ ಹಾಗೆ.
ಒಂದನ್ನು ಚಿವುಟಿದೆ, ಹಾಲು ಬಂತು.
ಆಲ್‌ಸ್ಟೋನಿಯ, ಅನುಮಾನವೇ ಇಲ್ಲ, ಎಂದೆ.
ಸುತ್ತಿಗೆ ಮೇಲೇಳಲಿಲ್ಲ.

"ಪಾಲೆಗೆ ಕಬ್ಬಿಣ ತಾಗಿಸುವುದಿಲ್ಲ.
ಆಟಿ ಅಮಾವಾಸ್ಯೆಗೆ ಕೆತ್ತೆ ತೆಗೆಯುವುದೂ ಕಲ್ಲಿನಲ್ಲೇ."

ಮತ್ತೆ, ಬೀಡಿಯನ್ನು ಹಚ್ಚದೆ ತುಟಿಯಲ್ಲಿಟ್ಟು:
ಹಿಂದಿನ ದಿನ ಬೆಳಕಿರುವಾಗಲೇ ಹೋಗಿ
ಮರಕ್ಕೆ ನೂಲು ಕಟ್ಟಿ ಬರಬೇಕು.
ಕೋಳಿ ಕೂಗುವ ಮೊದಲಿನ ಕತ್ತಲೆ, ಮಳೆ ಬೇರೆ,
ಪಕ್ಕದಲ್ಲೇ ಕಾಸರಕ ನಿಂತಿರುತ್ತದೆ.
ನನ್ನ ಅಣ್ಣನಿಗೆ ಪಾಲೆಯೂ ಗೊತ್ತಿತ್ತು, ಕಾಸರಕವೂ ಗೊತ್ತಿತ್ತು,
ನೂಲು ಎಂತಕ್ಕೆ ಎಂದ.
ಹೆಸರು ಸರಿಯಾಗಿಯೇ ಇತ್ತು. ಮರ ತಪ್ಪಿತು.

ಇಪ್ಪತ್ತೇಳು ನಂಬ್ರದ ಬಸ್ಸು ಹಾರ್ನು ಹಾಕುತ್ತಾ ಹೋಯಿತು.

ನಾನು ಕಾಸರಕದ ಎಲೆ ಒತ್ತಿ ಒಣಗಿಸಿ ಹಾಳೆಗೆ ಅಂಟಿಸಿದವಳು:
ಬುಡದಿಂದಲೇ ಹೊರಟ ನರಗಳು, ಹತ್ತಕ್ಕೆ ಒಂಬತ್ತು ಅಂಕ.
ಅಲ್ಲೇ ಕಣ್ಣು ಮುಚ್ಚಿ ತೊಗಟೆಯ ಮೇಲೆ ಕೈಯಿಟ್ಟೆ.
ಮರವೆಂದು ಗೊತ್ತಾಯಿತು, ಯಾವುದೆಂದು ಇಲ್ಲ.
ಆಮೇಲೆ ಬೆರಳು ಒಂದು ಹೊಂಡಕ್ಕೆ ಇಳಿಯಿತು,
ಯಾವ ಆಟಿಯದ್ದೋ, ಅಂಚು ಕೂಡಿಕೊಳ್ಳುತ್ತಾ ಬಂದಿತ್ತು.

ಆತ ಜೇಬಿನಿಂದ ಹೆಂಡತಿಯ ಬೀಡಿ ನೂಲಿನುಂಡೆ ತೆಗೆದು
ಬಿಲ್ಲೆಯನ್ನು ಮೂರು ಸುತ್ತು ಸುತ್ತಿ ಕಟ್ಟಿದ.
ಸಂಜೆ ಸೂಪರ್‌ವೈಸರು: ನೂಲು ಎಷ್ಟು ದಿನ ಮಾರಾಯ್ತಿ?
ಷರಾ ಕಲಂನಲ್ಲಿ ಬರೆದೆ: ಆಣಿ ಹೊಡೆದಿಲ್ಲ. ಕೆಂಪು ನೂಲು.
ಮತ್ತೆ ಯಾಕೋ ಹಿಂದಿನ ಪುಟ ತಿರುಗಿಸಿ, ಜೀಗುಜ್ಜೆಯ ಪಕ್ಕ
ಲಾದ್ರು ಎಂದು ಸೇರಿಸಿದೆ. ಜಾಗ ಸಾಲಲಿಲ್ಲ,
ದ್ರು ಗೆರೆಯ ಆಚೆ ಬಿತ್ತು.