ಫುಲ್ ಟ್ಯಾಂಕು

ವಾಸ್ಕೋದಲ್ಲಿ ವಾಸನೆಯ ಬಗ್ಗೆ ಯಾರಿಗೆ ದೂರುವುದು?
ಬಂದರಿನ ಕಲ್ಲಿದ್ದಲು, ಒಣಮೀನು, ಬಾಯ್ನಾದ ಗಟಾರ,
ಇವುಗಳ ನಡುವೆ ನನ್ನ ಓಮ್ನಿಯೊಳಗೆ
ಪೆಟ್ರೋಲು ನಾರುತ್ತದೆ ಎಂದರೆ ನಗುತ್ತಾರೆ.

ಗಂಡನೂ ನಕ್ಕ.
ಜ್ವರ ಬಂದು ಹೋದ ಮೇಲೆ ಅವನಿಗೆ
ಬೆಳ್ಳುಳ್ಳಿ ಒಗ್ಗರಣೆಯೂ ಮೂಗಿಗೆ ತಿಳಿಯದು.
"ನಿನಗ ಭ್ರಮೆ" ಎಂದು ಗಾಜು ಇಳಿಸಿ ಕೂತ.

ರೊಟ್ಟಿಗೆ ಭ್ರಮೆಯಿಲ್ಲ. ಪಕ್ಕದಲ್ಲಿದ್ದುದನ್ನೆಲ್ಲ ಕುಡಿಯುತ್ತದೆ.
ಹಡಗು ಕಟ್ಟುವಲ್ಲಿನ ಕ್ಯಾಂಟೀನಿನಿಂದ
ನೂರಾ ಎಂಬತ್ತು ಜೋಳದ ರೊಟ್ಟಿ ವಾಪಸು ಬಂದವು,
ಬಿಳಿ ಪಂಚೆಯಲ್ಲಿ ಸುತ್ತಿದ್ದು ಸುತ್ತಿದಂತೆ.
"ಇದನ್ನ ತಿಂದು ಬೀಡಿ ಹಚ್ಚಾಕ ಹೆದರಿಕಿ ಅಕ್ಕಾ"
ಅಂದ ಬಡಿಸುವ ಹುಡುಗ. ತಮಾಷೆಗೇ ಅಂದದ್ದು.
ದುಡ್ಡು ಕೊಡಲಿಲ್ಲ.

ಚಿಕಾಲಿಯ ಕಾಯ್ತಾನ ಮೂಸಿಯೂ ನೋಡದೆ
ಕಾರ್ಬುರೇಟರ್ ಬಿಚ್ಚಿ ತೊಳೆದ, ಸಾವಿರದ ಇನ್ನೂರು.
ಇನ್ನೊಬ್ಬ ಮುಚ್ಚಳ ಬದಲಿಸಿದ.
ಮತ್ತೊಬ್ಬ ಸ್ಟೇರಿಂಗಿನ ಪಕ್ಕ ಲಿಂಬೆಯ ಸೆಂಟು ಅಂಟಿಸಿದ;
ಅವತ್ತಿನಿಂದ ಲಿಂಬೆ ಹಿಂಡಿದ ಪೆಟ್ರೋಲು.

ಮಾಂಗೋರ್ ಗುಡ್ಡದ ಬುಡಕ್ಕೆ ಲಾಡಸಾಬನ ತಗಡಿನ ಶೆಡ್ಡು.
ಗಜೇಂದ್ರಗಡದವ. ಪಾನಾ ಹಿಡಿಯುವ ಮೊದಲು ಮಾತು ಹಿಡಿದ.
"ಮುಂದ ಬರತೈತೋ, ಹಿಂದ ರೊಟ್ಟಿ ಇಡೂ ಕಡೆನೋ?"
ಹಿಂದೆ.
"ದಿಬ್ಬ ಏರುವಾಗ ಹೆಚ್ಚೇನು?"
ಹೆಚ್ಚು. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.
"ಯಾವತ್ತಿಂದ?"
ಹೋದ ತಿಂಗಳ ಒಂದು ಗುರುವಾರದಿಂದ.
"ಗುರುವಾರ ಏನ್ಮಾಡಿದ್ರಿ?"

ಗುರುವಾರ ಕ್ಯಾಂಟೀನಿನವರು ಮುಂಗಡ ಕೊಟ್ಟಿದ್ದರು.
ಬಂಕಿನ ಹುಡುಗ ರೂಢಿಯಂತೆ "ಇನ್ನೂರಾ?" ಅಂದಾಗ
ನನಗೇ ಕೇಳದಷ್ಟು ಮೆಲ್ಲಗೆ "ಫುಲ್" ಅಂದಿದ್ದೆ.
ಓಡುವ ಅಂಕಿಗಳನ್ನು ಮಗುವಿನ ಹಾಗೆ ನೋಡುತ್ತ ನಿಂತಿದ್ದೆ.
ಏಳು ವರ್ಷದಲ್ಲಿ ಮೊದಲ ಸಲ ಮುಳ್ಳು ಮೇಲಿನ ಗೆರೆ ಮುಟ್ಟಿತ್ತು.
ಆಮೇಲೆ ಅದೇ ಚಟ: ಅರ್ಧಕ್ಕಿಳಿದರೆ ಮತ್ತೆ ಫುಲ್.

ಲಾಡಸಾಬ ನಗಲಿಲ್ಲ. "ಹಿಟ್ಟೈತೇನ್ರಿ ಗಾಡ್ಯಾಗ?"
ಎದುರಿನ ಚಹಾದವನಿಗೆ ಸ್ಟೋವ್ ಆರಿಸಲು ಕೂಗಿ,
ಬ್ಯಾಟರಿಯ ವೈರು ಬಿಚ್ಚಿ, ಅಂಗಾತ ಒಳಗೆ ಸರಿದ.
ಟ್ಯಾಂಕಿನ ಬಾಯಿಂದ ಹೊಟ್ಟೆಗಿಳಿಯುವ ರಬ್ಬರ್ ಕೊಳವೆಗೆ
ಜೋಳದ ಹಿಟ್ಟು ಉದುರಿಸಿದ,
ಬಡಿಯುವಾಗ ನಾನು ಮಣೆಗೆ ಉದುರಿಸುವಷ್ಟೇ.
"ಬರ್ರಿ, ನೋಡ್ರಿ."
ಸೆರಗು ಸುತ್ತಿಕೊಂಡು ಬಾಗಿದೆ. ಟಾರ್ಚಿನ ಬೆಳಕಲ್ಲಿ
ಬಿಳಿ ಹಿಟ್ಟಿನ ಮೇಲೆ ಕೂದಲೆಳೆಯಂಥ ಒದ್ದೆ ಗೆರೆ
ಮೇಲಿನ ಬಿರುಕಿನಿಂದ ಇಳಿಯುತ್ತಿತ್ತು, ಅವಸರವಿಲ್ಲದೆ.

"ಉಪ್ಪುಗಾಳಿಗೆ ಒಡದೈತಿ. ಮೊನ್ನಿಂದಲ್ಲ, ಭಾಳ ವರ್ಷಾತು.
ನಿಮ್ಮ ಇನ್ನೂರು ರೂಪಾಯಿ ಇಲ್ಲೀತನಾ ಏರಿರಲಿಲ್ಲ, ಅಷ್ಟ."

ಅಷ್ಟೇ.
ಅವನು ಕ್ಯಾನಿಗೆ ಪೆಟ್ರೋಲು ಇಳಿಸುತ್ತಿದ್ದ. ನಾನು ಸುಮ್ಮನೆ
ಏಳು ವರ್ಷದ ಇನ್ನೂರುಗಳನ್ನು ಕೂಡಿಸುತ್ತ, ಅಲ್ಲಲ್ಲಿ ತಪ್ಪುತ್ತ ಕೂತೆ.

ಹೊಸ ಕೊಳವೆ, ಎರಡು ಕ್ಲಿಪ್ಪು, ಮುನ್ನೂರ ನಲವತ್ತು.
ಹಿಟ್ಟಿನದು ಹತ್ತು ಮುರಿದುಕೊಂಡ.
"ಫುಲ್ ಹಾಕಿಸಿ ಗುಡ್ಡ ಹತ್ತಿ ಬರ್ರಿ.
ಅರ್ಧದಾಗ ನೋಡಿದ್ರ ಏನೂ ತಿಳಿಯಾಂಗಿಲ್ಲ."

ಗಾಜು ಏರಿಸಿಕೊಂಡು ಗುಡ್ಡ ಹತ್ತಿದೆವು.
ತಿರುವು ತಿರುವಿಗೂ ಗಂಡ ಕೇಳುತ್ತಾನೆ, "ಬಂತಾ?"
ಇಲ್ಲ.
"ಮತ್ತೇನು ಬರತೈತಿ?"
ಕಲ್ಲಿದ್ದಲು, ಅಂದೆ. ಒಣಮೀನು. ನಿನ್ನ ಬೆವರು.
ಯಾರದೋ ಮನೆಯಲ್ಲಿ ಬೆಳ್ಳುಳ್ಳಿ ಹೊತ್ತುತ್ತಿದೆ.
ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ.
"ಹೊತ್ತೇತೇನು?"
ಸ್ವಲ್ಪ, ಅಂದೆ, ಗೇರು ಇಳಿಸಿದೆ.