ನೆರಳಿನ ಲೆಕ್ಕ

ಕರೆಂಟ್ ಬಿಲ್ಲಿನ ಬೆನ್ನಿಗೆ ಬರೆದಿದ್ದೇನೆ:
ಅರ್ಧ ಕೇಜಿ ಕೇಕು, ಮೊಟ್ಟೆ ಹಾಕದ್ದು,
ಕ್ರೀಮಿನ ಗುಲಾಬಿ ಬೇಡವೆಂದರೆ ನಲವತ್ತು ಉಳಿಯುತ್ತೆ.
ಮಂಡಕ್ಕಿ ಮೂರು ಸೇರು. ತಟ್ಟೆ ಹದಿನಾಲ್ಕು.
ಬಲೂನು ಕಟ್ಟಿನಕೆರೆ ಮಾರ್ಕೆಟ್ಟಲ್ಲಿ. ಊದೋದು ಲೋಕೇಶ,
ಸಿಗರೇಟು ಬಿಟ್ಟು ಹದಿನೆಂಟು ದಿನವಾಯ್ತಲ್ಲ,
ಉಸಿರಿಗೇನು ಬರ.

ಪಾರ್ಟಿ ಹಾಲ್‌ಗೆ ಎಂಟು ಸಾವಿರವಂತೆ.
ಮಹಾರಾಜ ಪಾರ್ಕಿನ ಹೊಂಗೆಮರ ಏನೂ ಕೇಳುವುದಿಲ್ಲ,
ಆದರೆ ಅದರ ನೆರಳು
ಒಂದು ಕಡೆ ಕೂರುವ ಜಾತಿಯಲ್ಲ.

ಅದಕ್ಕೇ ವಾರ ಮೊದಲೇ, ಭಾನುವಾರ ನಾಲ್ಕಕ್ಕೆ,
ಇಳಾಳನ್ನು ಕರಕೊಂಡು ಹೋದೆ.
ನೆರಳಿನ ಅಂಚಿಗೆ ನನ್ನದೊಂದು ಚಪ್ಪಲಿ, ಅವಳದೊಂದು.
ಐದಕ್ಕೆ ನೋಡಿದರೆ ಎರಡೂ ಬಿಸಿಲಲ್ಲಿ,
ನೆರಳು ಜಾರುಬಂಡೆಯ ಕಡೆ ಹೊರಟುಹೋಗಿತ್ತು.
ಸರಿ, ಜಮಖಾನ ಅಲ್ಲಿಗೇ.
ಶಾಹಿದಾ ಕೊಡ್ತೀನಂದಿದ್ದಾಳೆ, ಒಂದು ಮೂಲೆ ಇಲಿ ಕಡಿದದ್ದು;
ಅದರ ಮೇಲೆ ಕೇಕಿನ ಡಬ್ಬ.

ನಾಲ್ಕು ತುಂಬುವವಳು ಹುಲ್ಲಲ್ಲಿ ಅಂಗಾತ ಮಲಗಿ
"ಅಮ್ಮಾ, ಅವತ್ತೂ ಇದು ಬರುತ್ತಾ?" ಅಂದಳು.
ನನಗಿಂತ ಮೊದಲು ಪೊರಕೆ ಹಿಡಿದ ಕಾವಲಿನವರು ಹೇಳಿದರು:
"ಬರುತ್ತೆ ಪುಟ್ಟಿ. ನೀವು ಮೂರಕ್ಕೇ ಬನ್ನಿ,
ತಡವಾದರೆ ಇಸ್ಪೀಟಿನವರು ಕೂತುಬಿಡ್ತಾರೆ."

ಬಿಲ್ಲು ತೆಗೆದೆ.
ತಟ್ಟೆ: ಹದಿನಾಲ್ಕು ಹೊಡೆದುಹಾಕಿ
ಹದಿನೈದು.